ಗೋಟಡಿಕೆಯ ಲೆಕ್ಕ

ಗ್ವೆಲ್ಫ್, ಆಂಟಾರಿಯೊ
ಮಾರ್ಚ್ 16, ಭಾನುವಾರ

ಅಮ್ಮನಿಗೆ, ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಅಜ್ಜಯ್ಯ ಆಗಿದ್ದರೆ "ಉಭಯ ಕುಶಲೋಪರಿ ಸಾಂಪ್ರತ" ಅಂತ ಬರೆದು, ಕೆಳಗೆ ಒಂದು ಗೆರೆ ಎಳೆದು, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ನಾನು ನೇರವಾಗಿ ವಿಷಯಕ್ಕೆ ಬರ್ತೀನಿ ಅಮ್ಮ. ಹೋದ ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ವಾರದಿಂದ ನನ್ನ ತಲೆಯಲ್ಲೇ ಇದೆ.

ಪುಟ್ಟಿಯನ್ನು ಈ ಬೇಸಿಗೆ ರಜೆಗೆ ಅಲ್ಲಿಗೆ ಕರೆದುಕೊಂಡು ಬಂದು, ಒಂದು ವಾರ ಇದ್ದು, ಅವಳನ್ನು ನಿಮ್ಮ ಹತ್ತಿರ ಬಿಟ್ಟು ನಾನು ಕೆಲಸಕ್ಕೆ ವಾಪಸು ಬರ್ತೀನಿ ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ "ಬೇಡ ಮಗಾ, ಒಂದು ಸಲ ಆ ತಪ್ಪು ಮಾಡಿ ಆಗಿದೆ" ಅಂದು ಅಪ್ಪನ ಕೈಗೆ ಫೋನ್ ಕೊಟ್ಟುಬಿಟ್ಟೆ. ಅಪ್ಪ ಮಳೆ, ತೋಟ, ಅಡಿಕೆ ಮರ ಹತ್ತುವ ಕೊನೆಗಾರರು ಸಿಗದೇ ಇರೋದು ಎಲ್ಲ ಹೇಳಿದರು. ನಾನು ಹೂಂ ಅಂದೆನೇ ಹೊರತು ಕಿವಿಗೆ ಏನೂ ಬೀಳಲಿಲ್ಲ. ಮೂವತ್ತು ವರ್ಷ ದಾಟಿದ ಮೇಲೂ ನೀನು ಅದನ್ನು ತಪ್ಪು ಅಂತಲೇ ಇಟ್ಟುಕೊಂಡಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನಾವಿಬ್ಬರೂ ಅತ್ತು ಮಾತು ಅಲ್ಲಿಗೇ ನಿಲ್ಲುತ್ತೆ. ಅದಕ್ಕೇ ಈ ಕಾಗದ.

1988ರ ಜೂನ್‌ನಿಂದ 1992ರ ಏಪ್ರಿಲ್‌ವರೆಗೆ, ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ನಾನು ಅಜ್ಜಯ್ಯ, ಅಜ್ಜಿ ಜೊತೆ ಇದ್ದೆ. ಅಪ್ಪನಿಗೆ ರಾಯಚೂರಿಗೆ ವರ್ಗ, ನಿನಗೆ ಟೀಚರ್ ಕೆಲಸ ಸಿಕ್ಕಿದ್ದು ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ, ತಮ್ಮ ಆಗ ಏಳು ತಿಂಗಳ ಕೂಸು. ಬೇರೆ ದಾರಿ ಇರಲಿಲ್ಲ ಅಂತ ನೀನು ನೂರು ಸಲ ಹೇಳಿದ್ದೀಯ. ಬೇರೆ ದಾರಿ ಇದ್ದಿದ್ದರೆ ನನಗೆ ಆ ನಾಲ್ಕು ವರ್ಷ ಸಿಗುತ್ತಿರಲಿಲ್ಲ. ಇದು ನಿನಗೆ ಸಮಾಧಾನ ಮಾಡಲು ಹೇಳುವ ಮಾತಲ್ಲ.

ಮೊದಲು ಕಷ್ಟದ್ದನ್ನೇ ಹೇಳಿಬಿಡ್ತೀನಿ. ಮೊದಲನೇ ಮಳೆಗಾಲ ನಾನು ದಿನಾ ಅತ್ತಿದ್ದೇನೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ನನ್ನನ್ನು "ಬಿಟ್ಟುಹೋದ ಮಗು" ಅಂತ ಕರೆದಿದ್ದರು. ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಳೆಗೆ ಗೊರಬು ಬೆನ್ನಿಗೆ ಹಾಕಿಕೊಂಡು, ಹಳ್ಳ ದಾಟಿ ಶಾಲೆಗೆ ಹೋಗಿ, "ಬಿಟ್ಟುಹೋದ ಮಗು ಅಲ್ಲ, ನಾವು ಕೇಳಿ ಇಟ್ಕಂಡ ಮಗು" ಅಂದು ಬಂದಿದ್ದಳು. ಅಷ್ಟೇ ಹೇಳಿದ್ದು. ಮಾರನೇ ದಿನದಿಂದ ಆ ಮಾತು ನಿಂತಿತು.

ಆ ವರ್ಷ ದಸರಾ ರಜೆಗೆ ನೀನು ಬಂದಾಗ ನಾನು ಅಜ್ಜಿಯ ಸೀರೆ ಹಿಂದೆ ಅಡಗಿಕೊಂಡೆ, ನಿನ್ನ ಹತ್ತಿರ ಬರಲಿಲ್ಲ. ನೀನು ಅದನ್ನು ಮರೆತಿಲ್ಲ ಅಂತ ನನಗೆ ಗೊತ್ತು. ನನ್ನ ಮದುವೆ ಹಿಂದಿನ ರಾತ್ರಿಯೂ ನೀನು ಅದನ್ನು ಹೇಳಿದ್ದೆ. ಅಮ್ಮ, ನಾನು ನಿನ್ನನ್ನು ಮರೆತು ಅಡಗಿದ್ದಲ್ಲ. ನೀನು ಜಗಲಿ ಮೆಟ್ಟಿಲು ಹತ್ತುವಾಗಲೇ ನನ್ನ ಮನಸ್ಸಿನಲ್ಲಿ ನೀನು ವಾಪಸು ಹೋಗುವ ಬಸ್ಸು ಬಂದು ನಿಂತಿತ್ತು. ಓಡಿ ಬಂದು ತಬ್ಬಿಕೊಂಡರೆ ಆಮೇಲೆ ಬಿಡಬೇಕಲ್ಲ ಅಂತ. ಆರು ವರ್ಷದ ಬುದ್ಧಿ, ಅಷ್ಟೇ. ಆ ರಾತ್ರಿ ನಿನ್ನ ಬೆನ್ನಿಗೆ ಅಂಟಿಕೊಂಡು ಮಲಗಿದ್ದು ನಾನೇ.

ಈಗ ಗೋಟಡಿಕೆ ವಿಷಯ. ಇದನ್ನು ನಿನಗೆ ಇಷ್ಟು ವರ್ಷ ಹೇಳಿಲ್ಲ.

ನೀವು ಬಿಟ್ಟುಹೋದ ಮೂರನೇ ದಿನವೋ ನಾಲ್ಕನೇ ದಿನವೋ, "ಅಮ್ಮ ಯಾವಾಗ ಬರ್ತಾಳೆ" ಅಂತ ನಾನು ಬಿಡದೆ ಕೇಳಿದಾಗ, ಅಜ್ಜಿ ಅಟ್ಟದಿಂದ ಕೊಳಗ ಇಳಿಸಿದಳು. ಭತ್ತ ಅಳೆಯುವ ಆ ಮರದ ಕೊಳಗ, ಬಾಯಿಗೆ ಹಿತ್ತಾಳೆ ಪಟ್ಟಿ ಇದ್ದದ್ದು. ಅಜ್ಜಯ್ಯನ ಹತ್ತಿರ ಕ್ಯಾಲೆಂಡರ್ ನೋಡಿಸಿ ದಸರಾ ರಜೆಗೆ ಎಷ್ಟು ದಿನ ಅಂತ ಕೇಳಿದಳು. ಅಷ್ಟು ಗೋಟಡಿಕೆ, ಹಣ್ಣಾಗಿ ಒಣಗಿ ಸಿಪ್ಪೆ ಬಿಡಿಸಿದ್ದು, ನನ್ನ ಕೈಯಲ್ಲೇ ಎಣಿಸಿ ಹಾಕಿಸಿದಳು. ನನಗೆ ಆಗ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದ ಕೂಡಲೇ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕುತ್ತಿದ್ದಳು, ನಾನು ಮತ್ತೆ ಒಂದರಿಂದ ಶುರು. ದಿನಾ ರಾತ್ರಿ ಊಟ ಆಗಿ, ದೇವರಿಗೆ ಕೈಮುಗಿದ ಮೇಲೆ, ಕೊಳಗದಿಂದ ಒಂದು ಗೋಟು ತೆಗೆದು ಪಕ್ಕದ ಬಿದಿರು ಬುಟ್ಟಿಗೆ ಹಾಕುವುದು. ಕೊಳಗ ಖಾಲಿ ಆದ ದಿನ ಅಮ್ಮ ಬರ್ತಾಳೆ. ಜ್ವರ ಬಂದು ಮಲಗಿದ್ದಾಗ ಅಜ್ಜಿ ಗೋಟನ್ನು ಹಾಸಿಗೆಗೇ ತಂದು ನನ್ನ ಕೈಗೆ ಕೊಟ್ಟು, ಬುಟ್ಟಿಯನ್ನು ಹತ್ತಿರ ಹಿಡಿಯುತ್ತಿದ್ದಳು. ಆ ಜ್ವರದ ವಿಷಯ ನಿನಗೆ ಗೊತ್ತಿಲ್ಲ. ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದವಳು ನಾನು, ಹೇಳಿ ಬರೆಸುತ್ತಿದ್ದವಳು ಅಜ್ಜಿ. "ಜ್ವರ ಅಂತ ಬರೀಬೇಡ. ಅಲ್ಲಿ ಕೂತು ನಿಮ್ಮಮ್ಮ ಎಂತ ಮಾಡಕ್ಕಾಗುತ್ತೆ? ಚೆನ್ನಾಗಿದ್ದೀನಿ, ಹಲಸಿನ ಕಡುಬು ತಿಂದೆ ಅಂತ ಬರಿ." ಕಡುಬು ತಿಂದದ್ದು ಮಾತ್ರ ಸುಳ್ಳಲ್ಲ.

1991ರ ಫೆಬ್ರವರಿ. ನೀನು ಶಿವರಾತ್ರಿಗೆ ಬರ್ತೀನಿ ಅಂದಿದ್ದೆ. ನಾನು ಮೂರನೇ ಕ್ಲಾಸು, ಎಣಿಕೆ ಚೆನ್ನಾಗಿ ಬರುತ್ತಿತ್ತು. ಹಿಂದಿನ ರಾತ್ರಿ ಕೊನೆಯ ಗೋಟು ತೆಗೆದು ಕೊಳಗವನ್ನು ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕೊಳಗ ನೆಟ್ಟಗೆ ಕೂತಿದೆ, ಒಳಗೆ ಗೋಟು ಇದೆ. ಇಪ್ಪತ್ತು. ಅಜ್ಜಿ ಒಲೆ ಮುಂದೆ ಕೂತು ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸುತ್ತಿದ್ದಳು. ನನ್ನ ಕಡೆ ತಿರುಗದೆ, "ನಂಗೆ ವಯಸ್ಸಾತು ಮಗಾ. ಎಣಿಸಿ ಕೊಡುವಾಗ ನಾನೇ ಇಪ್ಪತ್ತು ಕಮ್ಮಿ ಕೊಟ್ಟಿದ್ದೆ. ನಿಮ್ಮಮ್ಮ ಬರೋದು ಇನ್ನು ಇಪ್ಪತ್ತು ದಿನಕ್ಕೆ. ತಪ್ಪು ನಂದು" ಅಂದಳು.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ರೊಟ್ಟಿ ಮುಟ್ಟಲಿಲ್ಲ. "ನಿಂಗೆ ಎಣಿಸಕ್ಕೇ ಬರಲ್ಲ" ಅಂತ ಕಿರುಚಿ ಕೊಟ್ಟಿಗೆಗೆ ಹೋಗಿ ಕರುವಿನ ಪಕ್ಕ ಕೂತೆ. ಅಜ್ಜಿ ಒಂದು ಮಾತು ತಿರುಗಿ ಆಡಲಿಲ್ಲ. ಮಧ್ಯಾಹ್ನ ರೊಟ್ಟಿ, ಬೆಣ್ಣೆ, ಜೋನಿಬೆಲ್ಲ ಅಲ್ಲಿಗೇ ತಂದಿಟ್ಟು ಹೋದಳು. ಸಂಜೆವರೆಗೂ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ.

ಅಜ್ಜಯ್ಯ ತೀರಿಕೊಂಡ ಮೇಲೆ 2009ರಲ್ಲಿ ನಾವೆಲ್ಲ ಸೇರಿ ಅವರ ಟ್ರಂಕು ತೆಗೆದೆವಲ್ಲ, ನೆನಪಿದೆಯಾ? ತೋಟದ ಪಹಣಿ, ಸೊಸೈಟಿ ಪಾಸ್‌ಬುಕ್ಕುಗಳ ಕೆಳಗೆ ನೀಲಿ ಇನ್‌ಲ್ಯಾಂಡುಗಳ ಕಟ್ಟು ಇತ್ತು. ನೀನು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದೆ. ನಾನು ಓದಿದೆ. 1991ರ ಫೆಬ್ರವರಿಯ ನಿನ್ನ ಕಾಗದವೂ ಇತ್ತು. ಜನಗಣತಿ ಕೆಲಸಕ್ಕೆ ಹಾಕಿದ್ದಾರೆ, ತಿಂಗಳ ಕೊನೆವರೆಗೆ ರಜೆ ಇಲ್ಲ, ಮಾರ್ಚ್ ಮೊದಲ ವಾರ ಎರಡು ದಿನ ಹೇಗಾದರೂ ಬರ್ತೀನಿ ಅಂತ ಬರೆದಿದ್ದೆ. ಕೆಳಗೆ, ಮಡಿಸುವ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ: "ಅತ್ತೆ, ನಾನು ಬರಲಿಲ್ಲ ಅಂತ ಮಗುವಿಗೆ ನನ್ನ ಮೇಲೆ ಬೇಜಾರಾಗದ ಹಾಗೆ ನೀವೇ ಏನಾದರೂ ಹೇಳಿ."

ಅಜ್ಜಿ ಹೇಳಿದ್ದಳು. ನನ್ನ ಬೇಜಾರನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಹೇಳಿದ್ದಳು. ನಿನಗೆ ಆ ವಿಷಯ ಹೇಳಿರಲಿಕ್ಕಿಲ್ಲ; ಅಜ್ಜಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವವಳಲ್ಲ. ನಿಮ್ಮಿಬ್ಬರ ನಡುವೆ ಅಡುಗೆಮನೆಯಲ್ಲಿ ಎಷ್ಟು ಸಲ ಮಾತು ನಿಂತಿತ್ತು ಅಂತ ನನಗೂ ಗೊತ್ತು. ಆದರೆ ನೀನಿಲ್ಲದ ಮನೆಯಲ್ಲಿ ನಿನ್ನ ಜಾಗವನ್ನು ಅವಳು ಹೀಗೆ ಕಾದಿದ್ದಳು. ನಾನು ನಿನ್ನ ಮೇಲೆ ಕೋಪ ಇಟ್ಟುಕೊಳ್ಳದೆ ಬೆಳೆದಿದ್ದರೆ ಅದರಲ್ಲಿ ಅಜ್ಜಿಯ ಪಾಲು ದೊಡ್ಡದು. ಅಂದು ಟ್ರಂಕಿನ ಮುಂದೆ ಕೂತಾಗ ಅಜ್ಜಿ ಹೋಗಿ ಐದು ವರ್ಷ ಆಗಿತ್ತು. ಕೊಟ್ಟಿಗೆಯಲ್ಲಿ ಕೂತು ಕಿರುಚಿದ್ದಕ್ಕೆ ಕ್ಷಮೆ ಕೇಳಲು ಯಾರೂ ಇರಲಿಲ್ಲ.

ಅಜ್ಜಯ್ಯನ ವಿಷಯ ಬೇರೆ. ಅವರು ಮುದ್ದು ಮಾಡುವವರಲ್ಲ, ಕೆಲಸ ಕೊಡುವವರು. ಅಪ್ಪ, ನೀವು ಅವರ ಕೈಯಲ್ಲಿ ಏಟು ತಿಂದು ಬೆಳೆದವರು, ನನಗೆ ಒಂದು ದಿನವೂ ಹೊಡೆಯಲಿಲ್ಲ ಅಂದರೆ ನೀವು ನಂಬುವುದಿಲ್ಲ. ಮಳೆಗಾಲ ಶುರುವಾಗುವ ಮೊದಲು ಅಡಿಕೆಗೆ ಔಷಧಿ ಹೊಡೆಯುವ ದಿನ ನನಗೆ ಶಾಲೆಗಿಂತ ದೊಡ್ಡದು. ಹಿಂದಿನ ಸಂಜೆಯೇ ಮೈಲುತುತ್ತವನ್ನು ಗೋಣಿ ತುಂಡಿನಲ್ಲಿ ಕಟ್ಟಿ ನೀರಿಗೆ ಇಳಿಬಿಡುತ್ತಿದ್ದರು. ಬೆಳಿಗ್ಗೆ ಆ ನೀರು ನೀಲಿಯಾಗಿರುತ್ತಿತ್ತು, ಅಂಥ ನೀಲಿಯನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಇನ್ನೊಂದು ಕಡೆ ಸುಣ್ಣ ಕದಡಿ ಸೋಸಿ ಇಟ್ಟಿರುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಸೇರಿಸಿ ಕೋಲಿನಲ್ಲಿ ತಿರುಗಿಸಿ ಆದ ಮೇಲೆ ನನ್ನ ಕೆಲಸ. ಚೆನ್ನಾಗಿ ತಿಕ್ಕಿದ ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಪೀಪಾಯಿಯಲ್ಲಿ ಅದ್ದು ಅನ್ನುವರು. ನಾನು ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು, ಅಲಗು ಮುಳುಗುವಷ್ಟು ಅದ್ದಿ, ಒಂದು ನಿಮಿಷ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ.

"ಕತ್ತಿ ಕೆಂಪಾತಾ?"

ಆಗಿದ್ದರೆ, ತಾಮ್ರದ ಬಣ್ಣದ ತೆಳು ಪದರ ಅಲಗಿಗೆ ಹಿಡಿದಿದ್ದರೆ, ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಇನ್ನೊಂದಿಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದುವುದು. ಕತ್ತಿ ಹೋದ ಹಾಗೇ ಹೊಳೆಯುತ್ತಾ ವಾಪಸು ಬಂದರೆ ಮಾತ್ರ ಕೊನೆಗಾರರು ಮರ ಹತ್ತುತ್ತಿದ್ದರು. ನಾನು "ಇಲ್ಲ ಅಜ್ಜಯ್ಯ, ಕೆಂಪಾಗಿಲ್ಲ" ಅಂದರೆ ಅವರು ಇನ್ನೊಮ್ಮೆ ನೋಡುತ್ತಿರಲಿಲ್ಲ. ವರ್ಷದ ಫಸಲು ನಿಂತಿರುವ ಮಾತನ್ನು ಏಳು ವರ್ಷದ ಹುಡುಗಿಯ ಕಣ್ಣಿಗೆ ಬಿಟ್ಟಿದ್ದರು. ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಫಲಿತಾಂಶವನ್ನು ನಾನೇ ಮೂರು ಸಲ ನೋಡುತ್ತೇನೆ. ಜೊತೆಯವರು ಯಾಕೆ ಅಂತ ಕೇಳಿದರೆ ಆ ಕತ್ತಿಯ ಕಥೆ ಹೇಳುತ್ತೇನೆ.

ಇನ್ನೊಂದು ಹೇಳಬೇಕು ಅಪ್ಪ. ಅಜ್ಜಯ್ಯ ಪೀಪಾಯಿ ತಿರುಗಿಸುತ್ತಾ, ತಮ್ಮ ಅಪ್ಪನ ಕಾಲದಲ್ಲಿ ಕೊಳೆರೋಗ ಬಂದು ತೋಟಕ್ಕೆ ತೋಟವೇ ಉದುರಿ ಹೋಗುತ್ತಿತ್ತು, ಆಗ ಒಬ್ಬ ಸಾಹೇಬ ಬಂದು ಈ ಔಷಧಿ ಹೇಳಿಕೊಟ್ಟ ಅನ್ನುತ್ತಿದ್ದರಲ್ಲ? ನಾವೆಲ್ಲ ಇಂಗ್ಲೆಂಡಿನ ದೊರೆ ಅಂದುಕೊಂಡಿದ್ದೆವು. ಹೋದ ಚಳಿಗಾಲ ಓದುತ್ತಾ ಗೊತ್ತಾಯಿತು, ಅವರು ಲೆಸ್ಲಿ ಕೋಲ್ಮನ್, ಹುಟ್ಟಿದ್ದು ಇದೇ ಆಂಟಾರಿಯೊದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದವರು. ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಮಲೆನಾಡಿನ ಕೊಳೆರೋಗದ ಮೇಲೆ ಮೊದಮೊದಲು ಕೆಲಸ ಮಾಡಿ, ಮುಂಗಾರಿಗೆ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ, ಅಂದರೆ ಇದೇ ತುತ್ತ-ಸುಣ್ಣದ ಔಷಧಿ, ಹೊಡೆಯಬೇಕು ಅಂತ ರೈತರಿಗೆ ತೋರಿಸಿಕೊಟ್ಟರು. ಈ ಊರಿನಿಂದ ಟೊರೊಂಟೊ ಬಸ್ಸಿನಲ್ಲಿ ಒಂದೂವರೆ ಗಂಟೆ. ಓದಿ ಮುಗಿಸಿ ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತಾ ಕೂತಿದ್ದೆ. ಇಲ್ಲಿಂದ ಹೋದ ಒಬ್ಬರು ಉಳಿಸಿದ ತೋಟದಿಂದ ನಾನು ಇಲ್ಲಿಗೆ ಬಂದಿದ್ದೇನೆ. ಅಜ್ಜಯ್ಯ ಇದ್ದಿದ್ದರೆ ಅಂದೇ ರಾತ್ರಿ ಫೋನ್ ಮಾಡಿ ಹೇಳುತ್ತಿದ್ದೆ.

ನೆನಪು ತೆಗೆದರೆ ಮುಗಿಯುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೇರಿಯವರೆಲ್ಲ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಕಥೆ ಹೇಳುತ್ತಿದ್ದುದು, ಬೇಯಿಸುವ ಹಂಡೆಯಿಂದ ಬರುವ ಚೊಗರಿನ ಘಮಕ್ಕೆ ನನಗೆ ನಿದ್ದೆ ಬರುತ್ತಿದ್ದುದು. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗಿ ತುಂಗೆಯಲ್ಲಿ ತೆಪ್ಪೋತ್ಸವ ನೋಡುವಾಗ ಅಜ್ಜಯ್ಯನ ಹೆಗಲ ಮೇಲೆ ಕೂತದ್ದು. ಭೂಮಿಹುಣ್ಣಿಮೆ ಹಿಂದಿನ ರಾತ್ರಿ ಅಜ್ಜಿ ನಿದ್ದೆಗೆಟ್ಟು ಸೊಪ್ಪುಗಳ ಹಚ್ಚಂಬಲಿ ಬೇಯಿಸಿದ್ದು, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಬಸುರಿ ಭೂಮಿತಾಯಿಗೆ ಬಡಿಸುವುದು ಅಂತ ತೆನೆ ತುಂಬಿದ ಭತ್ತದ ನಡುವೆ ಅದನ್ನು ಬೀರಿದ್ದು. ಕತ್ತಲಲ್ಲಿ ಇಬ್ಬನಿಗೆ ಲಂಗ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. "ಚಳಿ" ಅಂದರೆ ಅಜ್ಜಿ, "ಬಸುರಿಗೆ ಬಡಿಸೋವಾಗ ಚಳಿ ಅನ್ನಬಾರದು" ಅನ್ನುತ್ತಿದ್ದಳು. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಇಲ್ಲಿ ನನಗೆ ಬಡಿಸಲು ಯಾರೂ ಇರಲಿಲ್ಲ. ಆಗ ಆ ಗದ್ದೆಯನ್ನೇ ನೆನೆಯುತ್ತಿದ್ದೆ.

ಈಗ ಇಲ್ಲಿ ಹಿಮ ಕರಗುತ್ತಿದೆ. ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುವ ಕಾಲ. ನಿನ್ನೆ ಪುಟ್ಟಿಯನ್ನು ಅಂಥ ಒಂದು ಕಡೆ ಕರೆದುಕೊಂಡು ಹೋಗಿದ್ದೆವು. ಸುಮಾರು ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ ಬರುತ್ತಂತೆ. ಕೊಪ್ಪರಿಗೆಯಿಂದ ಆವಿ ಏಳುವುದನ್ನು ನೋಡಿ ನನಗೆ ಆಲೆಮನೆ ಕಣ್ಣ ಮುಂದೆ ಬಂತು. "ನಮ್ಮೂರಲ್ಲಿ ಕಬ್ಬಿನ ಹಾಲು ಹೀಗೇ ಕಾಯಿಸ್ತಾರೆ, ನಿನ್ನ ಮುತ್ತಜ್ಜಿ ನನಗೆ ಹಲಸಿನ ಎಲೆಯಲ್ಲಿ ಬಿಸಿ ಬೆಲ್ಲ ಕೊಡ್ತಿದ್ದಳು" ಅಂದೆ. ಅವಳು ನನ್ನ ಮುಖ ನೋಡಿ, "ನಂಗೆ ಯಾರು ಕೊಡ್ತಾರೆ?" ಅಂದಳು. ಕನ್ನಡದಲ್ಲೇ ಕೇಳಿದಳು ಅಮ್ಮ.

ಅದಕ್ಕೇ ಮತ್ತೆ ಕೇಳ್ತಿದ್ದೀನಿ. ಇಲ್ಲಿ ಶಾಲೆಗೆ ರಜೆ ಇರುವುದು ಜುಲೈ, ಆಗಸ್ಟ್. ಆ ಜಡಿಮಳೆಯಲ್ಲಿ ಮಗು ಏನು ಮಾಡುತ್ತೆ, ಕರೆಂಟ್ ಇರಲ್ಲ, ಇಂಬಳ ಕಚ್ಚುತ್ತೆ ಅಂತ ನೀನು ಹೇಳ್ತೀಯ. ಕಚ್ಚಲಿ. ಸುಣ್ಣ ಹಚ್ಚುವುದು ನಿನಗೆ ಗೊತ್ತು. ಪುನರ್ವಸು ಮಳೆಗೆ ಬಂದು ಮಘೆ ಮಳೆ ಮುಗಿಯುವ ಮೊದಲು ಹೊರಡ್ತಾಳೆ, ಅಷ್ಟರಲ್ಲಿ ನೆಟ್ಟಿ ನೋಡ್ತಾಳೆ, ಕಳಲೆ ತಿಂತಾಳೆ, ಅಪ್ಪನ ಜೊತೆ ಎರಡನೇ ಸಲದ ಔಷಧಿಗೆ ಕತ್ತಿ ಅದ್ದುತ್ತಾಳೆ. ಅಪ್ಪ, ದಯವಿಟ್ಟು ಅವಳ ಮಾತನ್ನು ನಂಬಿ, ನೀವು ಇನ್ನೊಮ್ಮೆ ನೋಡಬೇಡಿ. ಅಜ್ಜಯ್ಯನ ಕಂಬಳಿ ಇದ್ದರೆ ಬಿಸಿಲಿಗೆ ಹಾಕಿ ಇಡಿ, ಕೊಪ್ಪೆ ಮಾಡಿ ಹೊದೆಸಬಹುದು. ಹಳ್ಳದ ಸಂಕ ದಾಟುವಾಗ ಮಾತ್ರ ಕೈ ಹಿಡಿದುಕೊಳ್ಳಿ.

ಅಮ್ಮ, ನೀನು ಮಾಡಿದ್ದು ತಪ್ಪಾಗಿದ್ದರೆ ನಾನು ನನ್ನ ಮಗಳಿಗೆ ಅದನ್ನೇ ಕೇಳುತ್ತಿರಲಿಲ್ಲ. ಅಜ್ಜಿಗೆ ಹೇಳಬೇಕಾಗಿದ್ದ ಕೃತಜ್ಞತೆ ನನ್ನ ಹತ್ತಿರವೇ ಉಳಿದುಬಿಟ್ಟಿದೆ. ಅವಳ ಒಲೆ ಮುಂದೆ ಈಗ ನೀನು ಕೂರ್ತಿದ್ದೀಯ. ನಿನಗೇ ಕೊಡ್ತಿದ್ದೀನಿ, ತಗೋ.

ನಾನು ಜುಲೈ 12ಕ್ಕೆ ಅಲ್ಲಿಂದ ಹೊರಡ್ತೀನಿ, ಕರೆದುಕೊಂಡು ಹೋಗಲು ಆಗಸ್ಟ್ 27ಕ್ಕೆ ಬರ್ತೀನಿ. ಕೊಳಗ ಇನ್ನೂ ಅಟ್ಟದ ಮೇಲಿದೆಯೇ? ಇರಲಿ ಬಿಡು, ಇಷ್ಟಕ್ಕೆ ಅದು ದೊಡ್ಡದಾಯಿತು, ಸೇರು ಸಾಕು. 46 ಗೋಟು ಎಣಿಸಿ ಹಾಕಿಸು, ಅವಳ ಕೈಯಲ್ಲೇ ಹಾಕಿಸು. ಇನ್ನೊಂದು ಎರಡು ಮೂರು ನಿನ್ನ ಸೆರಗಿನಲ್ಲಿ ಕಟ್ಟಿಕೊಂಡಿರು, ವಿಮಾನ ತಡವಾದರೆ ಬೇಕಾಗುತ್ತದೆ.

ನಿಮ್ಮ ಪ್ರೀತಿಯ
ಮಗಳು